ಗೇಟು ದಾಟಿದ ಮೇಲೂ ಕಾಂಕ್ರೀಟು ನಮ್ಮದೇ

ಪ್ರಶ್ನೆ: ನಾನು ಒಂದು ರೆಡಿಮಿಕ್ಸ್ (ಕಾಂಕ್ರೀಟ್ ಕಲಸಿ ಲಾರಿಯಲ್ಲಿ ಸೈಟಿಗೆ ಕಳಿಸುವ) ಘಟಕದಲ್ಲಿ ಗುಣಮಟ್ಟ ನಿಯಂತ್ರಣ ನೋಡಿಕೊಳ್ಳುತ್ತೇನೆ. ದೊಡ್ಡ ಗ್ರಾಹಕರೊಬ್ಬರು ಟೆಂಡರಿನಲ್ಲಿ ಪರಿಸರಸ್ನೇಹಿ ಕಾಂಕ್ರೀಟ್ ಬೇಕು, ಇಪಿಡಿ (ಉತ್ಪನ್ನದ ಪರಿಸರ ಹೊರೆಯ ಘೋಷಣಾಪತ್ರ) ಕೊಡಿ, ಪ್ರಾಡಕ್ಟ್ ಸ್ಟೀವರ್ಡ್‌ಶಿಪ್ (ಉತ್ಪನ್ನದ ಹೊಣೆ ಕೊನೆವರೆಗೂ ಹೊರುವ) ನೀತಿ ತೋರಿಸಿ ಎಂದು ಕೇಳಿದ್ದಾರೆ. ಸಿಮೆಂಟಿನಲ್ಲಿ ಅರ್ಧ ತೆಗೆದು ಹಾರುಬೂದಿ (ಕಲ್ಲಿದ್ದಲ ವಿದ್ಯುತ್ ಸ್ಥಾವರದ ಬೂದಿ) ಹಾಕಿದರೆ ಮುಗಿಯಿತು, ನೀತಿಯನ್ನು ಯಾರಿಂದಲಾದರೂ ಬರೆಸಿದರಾಯಿತು ಎನ್ನುತ್ತಾರೆ ನಮ್ಮ ಮ್ಯಾನೇಜರ್. ನನಗೇಕೋ ಸಮಾಧಾನವಿಲ್ಲ. ನಿಜಕ್ಕೂ ಎಲ್ಲಿಂದ ಶುರು ಮಾಡಬೇಕು?

ಉತ್ತರ: ನಿಮ್ಮ ಮ್ಯಾನೇಜರರ ಮಾತಿನಲ್ಲಿ ಅರ್ಧ ಸತ್ಯವಿದೆ, ಆ ಅರ್ಧಕ್ಕೆ ಆಮೇಲೆ ಬರುತ್ತೇನೆ. ಅದಕ್ಕೂ ಮೊದಲು, ಯಾರ ಅನುಮತಿಯೂ ಬೇಡದ ಒಂದು ಕೆಲಸ ಮಾಡಿ. ಕಳೆದ ಒಂದು ವರ್ಷದ ಕ್ಯೂಬ್ ರಿಜಿಸ್ಟರು (ಮಾದರಿ ಘನಗಳನ್ನು ಒಡೆದು ಬಲ ಅಳೆದ ದಾಖಲೆ), ಬ್ಯಾಚಿಂಗ್ ಕಂಪ್ಯೂಟರಿನ ದಾಖಲೆ, ವಾಪಸು ಬಂದ ಲೋಡುಗಳ ಪಟ್ಟಿ, ಈ ಮೂರನ್ನೂ ಪಕ್ಕಪಕ್ಕ ಇಟ್ಟುಕೊಂಡು ಅರ್ಧ ದಿನ ಕೂತು ನೋಡಿ. ಟೆಂಡರಿನವರು ಕೇಳಿದ ಪ್ರಶ್ನೆಗಳಿಗೆಲ್ಲ ಉತ್ತರ ಅಲ್ಲಿಂದಲೇ ಹೊರಡಬೇಕು. ಬಹಳಷ್ಟು ಘಟಕಗಳಲ್ಲಿ ಈ ಮೂರು ದಾಖಲೆಗಳು ಮೂರು ಬೇರೆ ಬೇರೆ ಮೇಜುಗಳ ಮೇಲಿರುತ್ತವೆ, ಒಂದು ಮತ್ತೊಂದರ ಮುಖ ನೋಡಿರುವುದೇ ಇಲ್ಲ.

ಯಾಕೆ ಸಿಮೆಂಟಿನ ಲೆಕ್ಕದಿಂದಲೇ ಶುರು ಮಾಡಬೇಕೆಂದರೆ, ಕಾಂಕ್ರೀಟಿನ ತೂಕದಲ್ಲಿ ಸಿಮೆಂಟಿನ ಪಾಲು ನೂರಕ್ಕೆ 10ರಿಂದ 15 ಮಾತ್ರ, ಆದರೆ ಅದರ ಇಂಗಾಲದ ಹೊರೆಯಲ್ಲಿ ಹತ್ತಕ್ಕೆ ಎಂಟು ಒಂಬತ್ತು ಪಾಲು ಸಿಮೆಂಟಿನದೇ. ಸಿಮೆಂಟಿನ ಮೂಲ ಸುಣ್ಣದಕಲ್ಲು. 100 ಕೆ.ಜಿ. ಶುದ್ಧ ಸುಣ್ಣದಕಲ್ಲನ್ನು ಸುಟ್ಟರೆ 56 ಕೆ.ಜಿ. ಸುಣ್ಣ ಉಳಿಯುತ್ತದೆ, 44 ಕೆ.ಜಿ. ಇಂಗಾಲದ ಡೈಆಕ್ಸೈಡ್ ಆಗಿ ಆಕಾಶಕ್ಕೆ ಹೋಗುತ್ತದೆ. ಗೂಡಿಗೆ ಕಲ್ಲಿದ್ದಲಿನ ಬದಲು ಸೌರವಿದ್ಯುತ್ತನ್ನೇ ಕೊಟ್ಟರೂ ಈ 44 ತಪ್ಪುವುದಿಲ್ಲ, ಅದು ಕಲ್ಲಿನೊಳಗೇ ಇದ್ದದ್ದು. ಅದರ ಮೇಲೆ ಗೂಡನ್ನು 1450 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸುವ ಇಂಧನದ ಹೊಗೆ ಬೇರೆ. ಎರಡೂ ಸೇರಿ ಒಂದು ಟನ್ ಕ್ಲಿಂಕರಿಗೆ (ಗೂಡಿನಿಂದ ಬರುವ, ಪುಡಿ ಮಾಡಿದರೆ ಸಿಮೆಂಟಾಗುವ ಉಂಡೆಗಳಿಗೆ) 800 ಕೆ.ಜಿ.ಗಿಂತ ಹೆಚ್ಚು ಅನಿಲ ಹೊರಬೀಳುತ್ತದೆ. ಇದರಲ್ಲಿ ಸುಮಾರು ಐದರಲ್ಲಿ ಮೂರು ಪಾಲು ಕಲ್ಲಿನಿಂದಲೇ ಬಂದದ್ದು, ಉಳಿದದ್ದು ಇಂಧನದ್ದು. ಜಗತ್ತು ವರ್ಷಕ್ಕೆ ಸುಮಾರು 400 ಕೋಟಿ ಟನ್ ಸಿಮೆಂಟ್ ತಯಾರಿಸುತ್ತದೆ. ಮನುಷ್ಯರು ಹೊರಬಿಡುವ ಇಂಗಾಲದ ಡೈಆಕ್ಸೈಡಿನಲ್ಲಿ ನೂರಕ್ಕೆ 7ರಿಂದ 8 ಪಾಲು ಈ ಒಂದು ಪದಾರ್ಥದಿಂದ ಬರುತ್ತದೆ ಎನ್ನುವುದು ಇದೇ ಕಾರಣಕ್ಕೆ.

ಇದನ್ನು ನಿಮ್ಮ ಡ್ರಮ್ಮಿಗೆ ಇಳಿಸಿ ನೋಡೋಣ. ಒಂದು ಘನಮೀಟರಿಗೆ 320 ಕೆ.ಜಿ. ಸಾದಾ ಪೋರ್ಟ್‌ಲ್ಯಾಂಡ್ ಸಿಮೆಂಟ್ ಹಾಕಿದಿರಿ ಎನ್ನಿ. ಬರೀ ಸಿಮೆಂಟಿನಿಂದಲೇ 270 ಕೆ.ಜಿ. ಆಸುಪಾಸು ಇಂಗಾಲದ ಡೈಆಕ್ಸೈಡಿನ (ಮುಂದೆ ಚಿಕ್ಕದಾಗಿ ಇಂಗಾಲ ಎನ್ನುತ್ತೇನೆ) ಲೆಕ್ಕ ಬೀಳುತ್ತದೆ. ಜಲ್ಲಿ ಒಡೆಯುವುದು, ಮರಳು ತರುವುದು, ಮಿಕ್ಸರ್ ತಿರುಗಿಸುವುದು, ಲಾರಿಯಲ್ಲಿ ಒಯ್ಯುವುದು ಎಲ್ಲ ಸೇರಿದರೂ ಅದರ ಮುಂದೆ ಚಿಕ್ಕದು. ಹಾಗಾಗಿ ಕಚೇರಿಯ ಛಾವಣಿಗೆ ಸೌರಫಲಕ ಹಾಕಿಸಿ ಫೋಟೊ ತೆಗೆಸಿಕೊಳ್ಳುವುದು ತಪ್ಪೇನಲ್ಲ, ಆದರೆ ಘನಮೀಟರಿಗೆ ಎರಡು ಕೆ.ಜಿ. ಸಿಮೆಂಟ್ ಉಳಿಸಿದ ಪ್ರಯೋಗಾಲಯದ ಹುಡುಗನ ಫೋಟೊ ತೆಗೆಸುವುದು ಇನ್ನೂ ನ್ಯಾಯ.

ಈಗ ರಿಜಿಸ್ಟರು ತೆರೆಯಿರಿ. 30 ಎಂಪಿಎ (ಮೆಗಾಪ್ಯಾಸ್ಕಲ್, ಬಲದ ಅಳತೆ) ದರ್ಜೆಯ ಕ್ಯೂಬುಗಳು 28ನೇ ದಿನಕ್ಕೆ ಸರಾಸರಿ ಎಷ್ಟು ಬರುತ್ತಿವೆ? ಬಹುಶಃ 38, 40, ಕೆಲವೊಮ್ಮೆ 43. ಹೀಗೆ ಮೇಲೆ ಇಟ್ಟುಕೊಳ್ಳಲು ಒಂದು ಸೂತ್ರವಿದೆ, ನಿಮಗದು ಗೊತ್ತಿರುವುದೇ: ಬೇಕಾದ ಬಲಕ್ಕೆ ಪ್ರಮಾಣ ವಿಚಲನೆಯ (ಫಲಿತಾಂಶಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬ ಅಳತೆಯ) 1.65 ಪಟ್ಟು ಕೂಡಿಸಿದರೆ ಗುರಿ ಸಿಗುತ್ತದೆ. ವಿಚಲನೆ 5 ಎಂಪಿಎ ಇದ್ದರೆ ಗುರಿ 38.25, ಅದನ್ನು 3ಕ್ಕೆ ಇಳಿಸಿದರೆ ಗುರಿ 34.95. ವ್ಯತ್ಯಾಸ 3.3 ಎಂಪಿಎ. ಒಂದು ಎಂಪಿಎಗೆ 5 ಕೆ.ಜಿ. ಸಿಮೆಂಟ್ ಎಂದು ಕೈಬಿಗಿ ಹಿಡಿದೇ ಲೆಕ್ಕ ಹಾಕಿದರೂ ಘನಮೀಟರಿಗೆ 16 ಕೆ.ಜಿ. ಉಳಿಯುತ್ತದೆ. ಹೊಸ ಯಂತ್ರವಿಲ್ಲ, ಹೊಸ ಪದಾರ್ಥವಿಲ್ಲ. ಮರಳಿನ ತೇವಾಂಶವನ್ನು ಬೆಳಿಗ್ಗೆ ಒಂದೇ ಸಲ ಅಳೆದು ದಿನವಿಡೀ ಅದನ್ನೇ ನಂಬುವುದು, ತೂಕದ ಹಾಪರನ್ನು ವರ್ಷಗಟ್ಟಲೆ ಪರೀಕ್ಷಿಸದೆ ಬಿಡುವುದು, ಕ್ಯೂಬ್ ಅಚ್ಚುಗಳು ಸೊಟ್ಟಗಿರುವುದು, ತುಂಬಿದ ಕ್ಯೂಬುಗಳನ್ನು ಬಿಸಿಲಲ್ಲಿ ಮರೆತುಬಿಡುವುದು, ಇವನ್ನು ಸರಿಪಡಿಸಿದರೆ ವಿಚಲನೆ ತಾನೇ ಇಳಿಯುತ್ತದೆ. ಇವಕ್ಕೆ ಯಾರೂ ಹಸಿರು ತಂತ್ರಜ್ಞಾನ ಎನ್ನುವುದಿಲ್ಲ. ನನ್ನ ಲೆಕ್ಕದಲ್ಲಿ ಇವೇ ಮೊದಲನೆಯವು.

ಆದರೆ ಸೂತ್ರ 38 ಸಾಕು ಎಂದಾಗಲೂ ನಾವು 42ಕ್ಕೆ ಹೋಗುತ್ತೇವಲ್ಲ, ಅದೇಕೆ? ಭಯದಿಂದ. ಸೈಟಿನಲ್ಲಿ ಯಾರೋ ನೀರು ಹೊಡೆಯುತ್ತಾರೆ, ಕ್ಯೂರಿಂಗ್ (ಎರಕವನ್ನು ಒದ್ದೆ ಇಡುವುದು) ಮಾಡುವುದಿಲ್ಲ, ಮೂರು ತಾಸು ಲಾರಿ ನಿಲ್ಲಿಸಿ ಆಮೇಲೆ ಸುರಿಯುತ್ತಾರೆ, ಕೊನೆಗೆ ಕ್ಯೂಬ್ ಬಿದ್ದರೆ ತಪ್ಪು ನಮ್ಮ ತಲೆಗೆ ಬರುತ್ತದೆ. ಹೀಗಾಗಿ ಪ್ರತಿ ಘನಮೀಟರಿಗೆ ಇನ್ನೊಂದು 20 ಕೆ.ಜಿ. "ಇರಲಿ" ಎಂದು ಹಾಕಿಬಿಡುತ್ತೇವೆ. ಈ ವೃತ್ತಿಗೆ ಬಂದ ಹೊಸತರಲ್ಲಿ ನಾನೂ ಹಾಕಿದ್ದೇನೆ. ನಾನು ಮೊದಲು ಕೆಲಸಕ್ಕಿದ್ದ ಘಟಕದಲ್ಲಿ ಆ ಹೆಚ್ಚುವರಿ ಸಿಮೆಂಟಿಗೆ "ನಿದ್ದೆ ಮಾತ್ರೆ" ಎಂದು ಹೆಸರಿತ್ತು, ಹಾಕಿದರೆ ರಾತ್ರಿ ನೆಮ್ಮದಿಯಾಗಿ ನಿದ್ದೆ ಬರುತ್ತದೆ ಎಂದು. ಒಂದು ಮಾಮೂಲಿ ಘಟಕದ ಇಂಗಾಲದಲ್ಲಿ ದೊಡ್ಡ ಪಾಲು ಹೀಗೆ ಅಪನಂಬಿಕೆಗೆ ತೆರುವ ದಂಡ.

ಪ್ರಾಡಕ್ಟ್ ಸ್ಟೀವರ್ಡ್‌ಶಿಪ್ ಎಂಬ ಮಾತು ನಿಮಗೆ ಉಪಯೋಗಕ್ಕೆ ಬರುವುದು ಇಲ್ಲೇ. ತಯಾರಿಸಿದವರ ಹೊಣೆ ಗೇಟಿನಲ್ಲಿ ಮುಗಿಯುವುದಿಲ್ಲ, ಕಚ್ಚಾವಸ್ತು ಎಲ್ಲಿಂದ ಬಂತು ಎನ್ನುವುದರಿಂದ ಹಿಡಿದು ಕಟ್ಟಡ ಕೆಡವಿದ ದಿನದವರೆಗೂ ಅದು ಉತ್ಪನ್ನದ ಬೆನ್ನಿಗಿರುತ್ತದೆ ಎನ್ನುವುದು ಅದರ ಅರ್ಥ. ಕಾಂಕ್ರೀಟಿಗೆ ಈ ವಿಚಾರ ಬೇರೆ ಸರಕುಗಳಿಗಿಂತ ಚೆನ್ನಾಗಿ ಒಪ್ಪುತ್ತದೆ, ಯಾಕೆಂದರೆ ನಾವು ಮಾರುವುದು ಅರ್ಧ ತಯಾರಾದ ಸರಕು. ಗೇಟು ದಾಟುವಾಗ ಅದಿನ್ನೂ ಹಸಿ. ಅದು ಕಾಂಕ್ರೀಟ್ ಆಗುವುದು ಇನ್ನೊಬ್ಬರ ಕೈಯಲ್ಲಿ. ಆ ಕೈಗೆ ಬೇಕಾದ ತಿಳಿವಳಿಕೆ ಕೊಟ್ಟು, ಬೆನ್ನಿಗೆ ನಿಂತರೆ ನಿಮ್ಮ ಭಯ ಇಳಿಯುತ್ತದೆ. ಭಯ ಇಳಿದಷ್ಟು ಸಿಮೆಂಟೂ ಇಳಿಯುತ್ತದೆ. ಹೊಣೆ ಮತ್ತು ಇಂಗಾಲ ಟೆಂಡರಿನಲ್ಲಿ ಎರಡು ಬೇರೆ ಕಲಮುಗಳಾಗಿರಬಹುದು, ಘಟಕದ ಒಳಗೆ ಅವೆರಡಕ್ಕೂ ಲೆಕ್ಕ ಒಂದೇ.

ನೀರಿನ ಉದಾಹರಣೆಯನ್ನೇ ನೋಡಿ. 320 ಕೆ.ಜಿ. ಸಿಮೆಂಟಿಗೆ 160 ಲೀಟರ್ ನೀರು, ಅನುಪಾತ 0.50. ಆರು ಘನಮೀಟರ್ ಹೊತ್ತ ಲಾರಿ ಸೈಟಿಗೆ ಹೋದಾಗ "ಗಟ್ಟಿ ಇದೆ, ಜಾರುತ್ತಿಲ್ಲ" ಎಂದು ಪೈಪಿನಿಂದ 100 ಲೀಟರ್ ಬಿಟ್ಟರೆ ಅನುಪಾತ 0.55ಕ್ಕೆ ಏರುತ್ತದೆ. ಡಫ್ ಅಬ್ರಾಮ್ಸ್ 1918ರಲ್ಲೇ ತೋರಿಸಿಕೊಟ್ಟ ನಿಯಮ ಇದು: ನೀರಿನ ಅನುಪಾತ ಏರಿದಂತೆ ಬಲ ಇಳಿಯುತ್ತದೆ. ಇಷ್ಟಕ್ಕೇ ಬಲದಲ್ಲಿ ನೂರಕ್ಕೆ ಹತ್ತರಷ್ಟು ಹೋಗಿಬಿಡಬಹುದು. ಅಂದರೆ ನೀವು ಇಷ್ಟೆಲ್ಲ ಮಾಡಿ ವಿಚಲನೆ ಇಳಿಸಿ ಗಳಿಸಿದ 3.3 ಎಂಪಿಎಯನ್ನು ಯಾರೋ ಒಬ್ಬರು ಎರಡು ನಿಮಿಷದಲ್ಲಿ ಪೈಪು ಹಿಡಿದು ಕಳೆದರು. ಅವರನ್ನು ಬೈದು ಪ್ರಯೋಜನವಿಲ್ಲ. ಮಿಶ್ರಣ ನಿಜವಾಗಿಯೂ ಗಟ್ಟಿಯಾಗಿಯೇ ಬಂದಿರುತ್ತದೆ, ಅದನ್ನು ಕಂಬಿಗಳ ನಡುವೆ ಇಳಿಸಬೇಕಾದದ್ದು ಅವರು. ನೀರು ಸೇರಿಸದೆಯೇ ಮಿಶ್ರಣವನ್ನು ಜಾರುವಂತೆ ಮಾಡುವ ಪಾಲಿಕಾರ್ಬಾಕ್ಸಿಲೇಟ್ ಸೂಪರ್‌ಪ್ಲಾಸ್ಟಿಸೈಜರನ್ನು ಸ್ವಲ್ಪ ಲಾರಿಯಲ್ಲೇ ಕಳಿಸಿ, ಸೈಟಿನಲ್ಲಿ ಎಷ್ಟು ಹಾಕಬಹುದು, ಹಾಕಿದ ಮೇಲೆ ಎಷ್ಟು ಹೊತ್ತು ಡ್ರಮ್ ತಿರುಗಿಸಬೇಕು ಎಂದು ಚಾಲಕನಿಗೆ ಹೇಳಿಕೊಡಿ. ಚಲನ್ನಿನಲ್ಲಿ "ಸೈಟಿನಲ್ಲಿ ಸೇರಿಸಿದ ನೀರು, ಲೀಟರ್, ಸೇರಿಸಲು ಹೇಳಿದವರ ಸಹಿ" ಎಂಬ ಒಂದು ಸಾಲು ಹಾಕಿಸಿ. ಸಹಿ ಬೇಕೆಂದಾಗ ಪೈಪು ಎಷ್ಟು ಸಲ ಮತ್ತೆ ತನ್ನ ಜಾಗಕ್ಕೆ ಸೇರುತ್ತದೆ ಎನ್ನುವುದನ್ನು ನೀವೇ ನೋಡುತ್ತೀರಿ.

ವಾಪಸು ಬಂದ ಲೋಡುಗಳ ಪಟ್ಟಿಗೆ ಬರೋಣ. ದಿನಕ್ಕೆ 200 ಘನಮೀಟರ್ ಕಳಿಸುವ ಘಟಕಕ್ಕೆ ನೂರಕ್ಕೆ ಎರಡು ಭಾಗ ವಾಪಸು ಬಂದರೆ ದಿನಕ್ಕೆ ನಾಲ್ಕು ಘನಮೀಟರ್, ತಿಂಗಳಿಗೆ 25 ದಿನ ಎಂದರೆ 100 ಘನಮೀಟರ್. ಮೇಲಿನ ಲೆಕ್ಕದ ಪ್ರಕಾರ ತಿಂಗಳಿಗೆ 27 ಟನ್ ಇಂಗಾಲ ಹಿತ್ತಲಿನ ಗುಂಡಿಗೆ ಬಿತ್ತು. ಇದಕ್ಕೆ ಔಷಧಿ ಮೊದಲು ಫೋನಿನಲ್ಲಿದೆ. ಕೊನೆಯ ಲೋಡನ್ನು ಕಳಿಸುವ ಮುನ್ನ ಸೈಟಿನವರು ಉಳಿದ ಜಾಗ ಅಳೆದು "ಇನ್ನು ಮೂರೂವರೆ ಸಾಕು" ಎನ್ನುವ ರೂಢಿ ಬರಬೇಕು. ಹಾಗೆ ಹೇಳಿದವರಿಗೆ ನಾಲ್ಕರ ಬದಲು ಮೂರೂವರೆಯನ್ನು ಬೇಸರವಿಲ್ಲದೆ ಕಳಿಸುವ ರೂಢಿ ನಿಮ್ಮ ಡಿಸ್ಪ್ಯಾಚಿಗೂ ಬರಬೇಕು. ಆಮೇಲೂ ಉಳಿದದ್ದನ್ನು ಹಲವು ದಾರಿಯಲ್ಲಿ ಉಳಿಸಬಹುದು. ಗಟ್ಟಿಯಾಗುವುದನ್ನು ತಾತ್ಕಾಲಿಕವಾಗಿ ತಡೆಯುವ ಸ್ಟೆಬಿಲೈಜರ್ ಹಾಕಿ ಮುಂದಿನ ಲೋಡಿನಲ್ಲಿ ಸೇರಿಸುವುದು ಒಂದು. ರಿಕ್ಲೇಮರಿನಲ್ಲಿ ತೊಳೆದು ಜಲ್ಲಿ, ಮರಳು ಬೇರೆ ಮಾಡುವುದು ಇನ್ನೊಂದು. ತಡೆಗೋಡೆಯ ದೊಡ್ಡ ಬ್ಲಾಕುಗಳನ್ನು ಎರಕ ಹೊಯ್ಯುವುದನ್ನು ಎಲ್ಲರೂ ಮಾಡುತ್ತಾರೆ. ಆದರೆ ಯಾರಿಗೂ ಬೇಡವಾದ ಬ್ಲಾಕುಗಳು ಅಂಗಳದ ಸುತ್ತ ಕೋಟೆಯಂತೆ ಬೆಳೆಯುತ್ತಿದ್ದರೆ ಅದು ತ್ಯಾಜ್ಯವೇ, ಚೌಕಾಕಾರದ ತ್ಯಾಜ್ಯ ಅಷ್ಟೆ. ರಿಕ್ಲೇಮರಿನಲ್ಲಿ ಜಲ್ಲಿ ವಾಪಸು ಸಿಕ್ಕರೂ ಸಿಮೆಂಟ್ ಸಿಗುವುದಿಲ್ಲ ಎನ್ನುವುದನ್ನೂ ಮರೆಯಬೇಡಿ. ಇಂಗಾಲ ಹೋದದ್ದು ಹೋಯಿತು.

ಡ್ರಮ್ ತೊಳೆದ ನೀರಿನ ವಿಷಯದಲ್ಲಿ ಮಾತ್ರ ರಾಜಿ ಇಲ್ಲ. ಅದರ ಪಿಎಚ್ 12ರ ಮೇಲಿರುತ್ತದೆ, ಅಂದರೆ ತೀರಾ ಕ್ಷಾರ, ಹಳ್ಳಕ್ಕೆ ಬಿಟ್ಟರೆ ಮೀನು ಉಳಿಯುವುದಿಲ್ಲ. ತೊಟ್ಟಿಯಲ್ಲಿ ತಂಗಲು ಬಿಟ್ಟು ತಿಳಿಯಾದ ನೀರನ್ನು ಮತ್ತೆ ಮಿಶ್ರಣಕ್ಕೆ ಬಳಸಿ, ಮಾನಕಗಳೇ ಇದಕ್ಕೆ ಅವಕಾಶ ಕೊಟ್ಟಿವೆ. ಯುರೋಪಿನ ಇಎನ್ 1008 ಮಾನಕದಲ್ಲಿ ಆ ನೀರಿನಿಂದ ಬರುವ ಘನಪದಾರ್ಥ ಒಟ್ಟು ಜಲ್ಲಿ ಮರಳಿನ ತೂಕದ ನೂರಕ್ಕೆ ಒಂದು ಭಾಗದೊಳಗಿರಬೇಕು ಎಂಬ ಮಿತಿ ಇದೆ. ನೀರಿನ ಸಾಂದ್ರತೆಯನ್ನು ದಿನವೂ ಅಳೆಯದೆ ಇದನ್ನು ಮಾಡಹೋದರೆ ಸ್ಲಂಪು (ಹಸಿ ಮಿಶ್ರಣ ಎಷ್ಟು ಸಡಿಲ ಎಂಬ ಅಳತೆ) ಹುಚ್ಚುಹುಚ್ಚಾಗಿ ಕುಣಿಯುತ್ತದೆ, ವಿಚಲನೆ ಮತ್ತೆ ಏರುತ್ತದೆ. ಹೊರಗೆ ಬಿಡಲೇಬೇಕಾದ ನೀರಿಗೆ ಆಮ್ಲ ಸುರಿಯುವುದಕ್ಕಿಂತ ಇಂಗಾಲದ ಡೈಆಕ್ಸೈಡ್ ಅನಿಲ ಹಾಯಿಸಿ ತಟಸ್ಥ ಮಾಡುವುದು ಕೆಲಸದವರಿಗೂ ಕ್ಷೇಮ, ಅಳತೆ ತಪ್ಪಿ ನೀರು ಹುಳಿಯಾಗುವ ಅಪಾಯವೂ ಕಡಿಮೆ.

ಇನ್ನು ಹಾರುಬೂದಿ. ಮ್ಯಾನೇಜರರ ಅರ್ಧ ಸತ್ಯ ಇಲ್ಲಿದೆ. ಕ್ಲಿಂಕರಿನ ಬದಲು ಹಾರುಬೂದಿ, ಸ್ಲ್ಯಾಗ್ ಹಾಕಿದರೆ ಇಂಗಾಲ ಇಳಿಯುವುದು ನಿಜ. ಸ್ಲ್ಯಾಗ್ ಎಂದರೆ ಕಬ್ಬಿಣದ ಕುಲುಮೆಯ ಕಿಟ್ಟ. ಅದನ್ನು ಕಾದಿರುವಾಗಲೇ ನೀರಿಗೆ ಹಾಯಿಸಿ ಕಾಳುಕಾಳು ಮಾಡಿದರೆ ಅದಕ್ಕೆ ಗಟ್ಟಿಯಾಗುವ ಗುಣ ಬರುತ್ತದೆ ಎನ್ನುವುದು 1862ರಿಂದಲೇ ಗೊತ್ತು. ಎರಡನೇ ಮಹಾಯುದ್ಧದ ನಂತರ ಅಮೆರಿಕದ ಹಂಗ್ರಿ ಹಾರ್ಸ್ ಅಣೆಕಟ್ಟಿಗೆ ಹಾರುಬೂದಿಯನ್ನು ದೊಡ್ಡ ಪ್ರಮಾಣದಲ್ಲಿ ಬಳಸಿದರು. ಇವು ಹೊಸ ಪ್ರಯೋಗಗಳಲ್ಲ. ಉಪ್ಪುನೀರಿನ ಕ್ಲೋರೈಡನ್ನು ತಡೆಯುವುದರಲ್ಲಿ, ದಪ್ಪನೆಯ ಎರಕದಲ್ಲಿ ಬಿಸಿ ಏರದಂತೆ ನೋಡಿಕೊಳ್ಳುವುದರಲ್ಲಿ, ಜಲ್ಲಿಯ ಸಿಲಿಕ ಕ್ಷಾರದೊಡನೆ ಕೂಡಿ ಹಿಗ್ಗುವ ರೋಗವನ್ನು ಅಡಗಿಸುವುದರಲ್ಲಿ ಇವು ಸಾದಾ ಸಿಮೆಂಟಿಗಿಂತ ಮೇಲು.

ಆದರೆ ಎಲ್ಲ ದರ್ಜೆಗೂ, ಎಲ್ಲ ಭಾಗಕ್ಕೂ "ಅರ್ಧ" ಎಂದು ಒಂದೇ ಅಳತೆ ಹಿಡಿದರೆ ಅನಾಹುತ. ಹಾರುಬೂದಿ ನಿಧಾನದ ಪದಾರ್ಥ. ಅರ್ಧದಷ್ಟು ಹಾಕಿದ ಮಿಶ್ರಣ ಮೂರನೇ ದಿನ ಇನ್ನೂ ಎಳೆಯದು, ಚಳಿಯಲ್ಲಿ ಇನ್ನೂ ಎಳೆಯದು. ನಾಲ್ಕು ದಿನಕ್ಕೆ ಸೆಂಟ್ರಿಂಗ್ ಬಿಚ್ಚಲು ಕಾಯುತ್ತಿರುವ ಛಾವಣಿಗೆ ಅದನ್ನು ಕೊಟ್ಟರೆ ಗ್ರಾಹಕರು ಒಂದೇ ವಾರದಲ್ಲಿ ಹಸಿರನ್ನು ಬಿಟ್ಟು ಓಡುತ್ತಾರೆ. ಅದೇ ಮಿಶ್ರಣವನ್ನು ಬುನಾದಿಯ ರ‍್ಯಾಫ್ಟಿಗೆ ಕೊಡಿ. ಅದರ ಮೇಲೆ ಪೂರ್ತಿ ಭಾರ ಬೀಳಲು ತಿಂಗಳುಗಳೇ ಇವೆ, ಒಳಗಿನ ಬಿಸಿಯೂ ಕಡಿಮೆ ಇರುತ್ತದೆ. ಹಾಗಾದರೆ ಅಲ್ಲಿ 28ನೇ ದಿನದ ಬಲವನ್ನೇ ಏಕೆ ಕೇಳಬೇಕು? 56 ಅಥವಾ 90ನೇ ದಿನಕ್ಕೆ ಒಪ್ಪಿಕೊಳ್ಳಿ ಎಂದು ವಿನ್ಯಾಸಕಾರರನ್ನು ಕೇಳುವುದು ನಿಮ್ಮ ಕೆಲಸ. ಅವರಾಗಿ ಬರೆಯುವುದಿಲ್ಲ, ಹಳೆಯ ಡ್ರಾಯಿಂಗಿನ ಟಿಪ್ಪಣಿಯೇ ಹೊಸದಕ್ಕೂ ಬಂದಿರುತ್ತದೆ. ಟೆಂಡರಿಗೆ ಉತ್ತರ ಕೊಡುವಾಗ ಭಾಗವಾರು ಮಿಶ್ರಣಗಳ ಪಟ್ಟಿ ಕೊಡಿ: ಬುನಾದಿಗೆ ಇದು, ಕಂಬಕ್ಕೆ ಇದು, ಬೇಗ ಬಿಚ್ಚಬೇಕಾದ ಛಾವಣಿಗೆ ಇದು. ಕಂಬಕ್ಕೆ ಬೇಕಾದ ಬಲವನ್ನು ನೆಲಹಾಸಿಗೂ ಕೇಳುವ ಸೋಮಾರಿತನ ಅಲ್ಲಿಯೇ ಬಯಲಾಗುತ್ತದೆ.

ಇನ್ನೊಂದು ಎಚ್ಚರ. ಕ್ಲಿಂಕರ್ ಕಡಿಮೆಯಾದ ಕಾಂಕ್ರೀಟಿಗೆ ಕ್ಯೂರಿಂಗ್ ತಪ್ಪಿದರೆ ಗಾಳಿಯ ಇಂಗಾಲದ ಡೈಆಕ್ಸೈಡ್ ಬೇಗ ಒಳಗಿಳಿಯುತ್ತದೆ. ಕಂಬಿಯನ್ನು ಕಾಯುತ್ತಿರುವ 13ರ ಹತ್ತಿರದ ಪಿಎಚ್ ಆಗ 9ರ ಕೆಳಗೆ ಬೀಳುತ್ತದೆ, ತುಕ್ಕು ಶುರು. ಇಳಿಯುವ ಆಳ ಕಾಲದ ವರ್ಗಮೂಲಕ್ಕೆ ಅನುಗುಣವಾಗಿರುತ್ತದೆ. ಹಾಗಾಗಿ ಕಂಬಿಯ ಮೇಲೆ 30 ಮಿ.ಮೀ. ಕವರ್ ಇರಬೇಕಾದಲ್ಲಿ ಮೇಸ್ತ್ರಿ 20 ಬಿಟ್ಟರೆ, ತುಕ್ಕು ಮುಟ್ಟುವ ಕಾಲ ಮೂರರಲ್ಲಿ ಎರಡು ಭಾಗಕ್ಕಲ್ಲ, ಅರ್ಧಕ್ಕಿಂತಲೂ ಕೆಳಗೆ ಇಳಿಯುತ್ತದೆ. 50 ವರ್ಷಕ್ಕೆ ಕಟ್ಟಿದ್ದು 22 ವರ್ಷಕ್ಕೆ ರಿಪೇರಿಗೆ ಬಂದರೆ ನೀವು ಸಿಮೆಂಟಿನಲ್ಲಿ ಉಳಿಸಿದ ಇಂಗಾಲಕ್ಕೆ ಏನರ್ಥ? ಆದ್ದರಿಂದ ಕಡಿಮೆ ಕ್ಲಿಂಕರಿನ ಮಿಶ್ರಣ ಕಳಿಸುವಾಗ ಚಲನ್ನಿನ ಜತೆಗೇ ಎಷ್ಟು ದಿನ ಒದ್ದೆ ಇಡಬೇಕೆಂದು ದೊಡ್ಡ ಅಕ್ಷರದಲ್ಲಿ, ಸೈಟಿನವರ ಭಾಷೆಯಲ್ಲಿ ಬರೆದು ಕಳಿಸಿ. ಇದೂ ಉತ್ಪನ್ನದ ಭಾಗ.

ಹಾರುಬೂದಿ, ಸ್ಲ್ಯಾಗಿನ ಬಗ್ಗೆ ಟೆಂಡರುಗಳಲ್ಲಿ ಯಾರೂ ಎತ್ತದ ಪ್ರಶ್ನೆಯೊಂದಿದೆ. ಇವುಗಳ ಪೂರೈಕೆಗೆ ಮಿತಿ ಇದೆ. ಕಲ್ಲಿದ್ದಲ ವಿದ್ಯುತ್ ಸ್ಥಾವರಗಳು ಮುಚ್ಚಿದಲ್ಲೆಲ್ಲ ಹಾರುಬೂದಿ ಸಿಗುವುದಿಲ್ಲ. ಜಗತ್ತಿನ ಸ್ಲ್ಯಾಗ್ ಸಿಮೆಂಟಿನ ಪ್ರಮಾಣದ ಮುಂದೆ ಸಣ್ಣ ಪಾಲು, ಒಳ್ಳೆಯ ಸ್ಲ್ಯಾಗಿನ ಬಹುಭಾಗ ಈಗಾಗಲೇ ಬಳಕೆಯಾಗುತ್ತಿದೆ. ನೀವು ದೂರದಿಂದ ಸ್ಲ್ಯಾಗ್ ತರಿಸಿ ಒಂದು ಕಟ್ಟಡಕ್ಕೆ ನೂರಕ್ಕೆ 70 ಹಾಕಿದರೆ ನಿಮ್ಮ ಕಾಗದದಲ್ಲಿ ಇಂಗಾಲ ಇಳಿಯುತ್ತದೆ. ಆ ಸ್ಲ್ಯಾಗ್ ಸಿಗದ ಇನ್ನೊಬ್ಬರು ಅಷ್ಟೇ ಕ್ಲಿಂಕರ್ ಸುಟ್ಟರೆ ವಾತಾವರಣಕ್ಕೆ ಲಾಭವೇನೂ ಇಲ್ಲ. ಉಪ್ಪುನೀರಿನ ಬಾಧೆ ಇರುವಲ್ಲಿ, ಬಿಸಿಯ ತೊಂದರೆ ಇರುವಲ್ಲಿ ಅದನ್ನು ಬಳಸಿ. ತೋರಿಕೆಗೆ ಬಳಸುವುದು ನನಗಂತೂ ಒಪ್ಪಿಗೆಯಿಲ್ಲ.

ಮುಂದಿನ ದಿನಗಳಿಗೆ ನನಗೆ ಹೆಚ್ಚು ಭರವಸೆ ಇರುವುದು ಜೇಡಿಯ ಮೇಲೆ. ಕೇಯೊಲಿನ್ ಇರುವ ಜೇಡಿಮಣ್ಣನ್ನು 700ರಿಂದ 850 ಡಿಗ್ರಿಯಲ್ಲಿ ಸುಟ್ಟರೆ ಹೊರಡುವುದು ನೀರಾವಿ, ಸುಣ್ಣದಕಲ್ಲಿನಂತೆ ಇಂಗಾಲವಲ್ಲ. ಅರ್ಧ ಕ್ಲಿಂಕರ್, 30 ಭಾಗ ಸುಟ್ಟ ಜೇಡಿ, 15 ಭಾಗ ಸುಡದ ಸುಣ್ಣದಕಲ್ಲಿನ ಪುಡಿ, 5 ಭಾಗ ಜಿಪ್ಸಮ್ ಕೂಡಿಸಿದ ಎಲ್‌ಸಿ3 ಎಂಬ ಸಿಮೆಂಟನ್ನು ಸ್ವಿಟ್ಜರ್ಲೆಂಡಿನ ಕ್ಯಾರೆನ್ ಸ್ಕ್ರಿವೆನರ್, ಕ್ಯೂಬಾದ ಫರ್ನಾಂಡೊ ಮಾರ್ಟಿರೆನಾ ಮತ್ತು ಭಾರತದ ಐಐಟಿಗಳ ಸಂಶೋಧಕರು ಸೇರಿ ಬೆಳೆಸಿದರು. ಸಾದಾ ಸಿಮೆಂಟಿಗೆ ಹೋಲಿಸಿದರೆ ಇಂಗಾಲ ನೂರಕ್ಕೆ 40ರವರೆಗೆ ಇಳಿಯುತ್ತದೆ. ಇದಕ್ಕೆ ನೀರಿನ ದಾಹ ಹೆಚ್ಚು, ಅಡ್ಮಿಕ್ಸ್‌ಚರನ್ನು (ಮಿಶ್ರಣಕ್ಕೆ ಹಾಕುವ ರಾಸಾಯನಿಕವನ್ನು) ಬದಲಿಸಿಕೊಳ್ಳಬೇಕಾಗುತ್ತದೆ. ಜೇಡಿಯಲ್ಲಿ ಕಬ್ಬಿಣವಿದ್ದರೆ ಬಣ್ಣ ಕೆಂಪಗೆ ತಿರುಗುತ್ತದೆ, ಗ್ರಾಹಕರು ಕೇಳುವ ಮೊದಲೇ ಹೇಳಿಬಿಡಿ. ಇಂಗಾಲವನ್ನು ಚಿಮಣಿಯಲ್ಲೇ ಹಿಡಿಯುವ ದಾರಿಯೂ ತೆರೆದಿದೆ. ನಾರ್ವೆಯ ಬ್ರೆವಿಕ್ ಸಿಮೆಂಟ್ ಕಾರ್ಖಾನೆಯಲ್ಲಿ ವರ್ಷಕ್ಕೆ ನಾಲ್ಕು ಲಕ್ಷ ಟನ್ ಹಿಡಿಯುವ ಘಟಕ 2025ರಲ್ಲಿ ಉದ್ಘಾಟನೆಯಾಯಿತು. ಇದು ಸಿಮೆಂಟ್ ತಯಾರಕರ ಕೈಯಲ್ಲಿರುವ ವಿಷಯ. ನಿಮ್ಮ ಪಾಲಿಗೆ ಬರುವುದು, ಸಿಮೆಂಟ್ ಕೊಳ್ಳುವಾಗ ದರದ ಜತೆಗೆ ಕ್ಲಿಂಕರಿನ ಪಾಲನ್ನೂ ಇಂಗಾಲದ ಲೆಕ್ಕವನ್ನೂ ಲಿಖಿತವಾಗಿ ಕೇಳುವುದು.

ಇಪಿಡಿ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಅದು ತೂಕದ ಚೀಟಿಯಂಥದ್ದು: ಲಾರಿಯಲ್ಲಿ ಎಷ್ಟು ತೂಕವಿದೆ ಎನ್ನುತ್ತದೆ, ಸರಕು ಚೆನ್ನಾಗಿದೆ ಎನ್ನುವುದಿಲ್ಲ. ಐಎಸ್ಒ 14025 ಮತ್ತು ಇಎನ್ 15804 ಅಥವಾ ಐಎಸ್ಒ 21930ರ ಚೌಕಟ್ಟಿನಲ್ಲಿ ಲೆಕ್ಕ ಹಾಕಿ, ಹೊರಗಿನವರೊಬ್ಬರಿಂದ ತಾಳೆ ನೋಡಿಸಿ ಪ್ರಕಟಿಸುತ್ತಾರೆ. ಸಾಮಾನ್ಯವಾಗಿ ಐದು ವರ್ಷ ಚಾಲ್ತಿಯಲ್ಲಿರುತ್ತದೆ. ಎ1ರಿಂದ ಎ3 ಎಂದರೆ ಕಚ್ಚಾವಸ್ತುವಿನಿಂದ ನಿಮ್ಮ ಗೇಟಿನವರೆಗೆ, ಸಿ ಎಂದರೆ ಕೆಡವುವ ಹಂತ, ಡಿ ಎಂದರೆ ಆಮೇಲಿನ ಮರುಬಳಕೆಯ ಲಾಭ. ಎರಡು ಇಪಿಡಿಗಳನ್ನು ಹೋಲಿಸುವಾಗ ಬಲ, ಬಾಳಿಕೆಯ ವರ್ಗ ಒಂದೇ ಇರಬೇಕು, ಹಂತಗಳೂ ಒಂದೇ ಇರಬೇಕು. ಒಬ್ಬರು ಉದ್ಯಮದ ಸರಾಸರಿ ಅಂಕಿಯನ್ನೂ ಇನ್ನೊಬ್ಬರು ತಮ್ಮ ಘಟಕದ ನಿಜವಾದ ಅಂಕಿಯನ್ನೂ ಕೊಟ್ಟಿದ್ದರೆ ಆ ಹೋಲಿಕೆ ನ್ಯಾಯವಾಗದು. ನೀವು ಮಾಡಿಸುವಾಗ ಬ್ಯಾಚಿಂಗ್ ಕಂಪ್ಯೂಟರಿನ ನಿಜವಾದ ಬಳಕೆಯ ಅಂಕಿ ಕೊಡಿ, ಮಿಕ್ಸ್ ಡಿಸೈನಿನ ಹಾಳೆಯ ಅಂಕಿಯನ್ನಲ್ಲ. "ಇರಲಿ" ಎಂದು ಹಾಕಿದ ಆ 20 ಕೆ.ಜಿ. ಹಾಳೆಯಲ್ಲಿ ಕಾಣುವುದೇ ಇಲ್ಲ.

ಹೊಗಳಿಕೆಯ ಕರಪತ್ರದಲ್ಲಿ "ಕಾಂಕ್ರೀಟು ತಾನು ಬಿಟ್ಟ ಇಂಗಾಲವನ್ನು ತಾನೇ ಹೀರಿಕೊಳ್ಳುತ್ತದೆ" ಎಂದು ಬರೆಸಲು ಯಾರಾದರೂ ಹೇಳಿದರೆ ತಡೆಯಿರಿ. ಹೀರಿಕೊಳ್ಳುವುದು ಸುಳ್ಳಲ್ಲ. 1930ರಿಂದ 2013ರವರೆಗೆ ಸುಣ್ಣದಕಲ್ಲಿನಿಂದ ಹೊರಬಿದ್ದ ಅನಿಲದಲ್ಲಿ ಸುಮಾರು ನೂರಕ್ಕೆ 43ರಷ್ಟನ್ನು ಸಿಮೆಂಟಿನ ಪದಾರ್ಥಗಳು ಮರಳಿ ಹೀರಿವೆ ಎಂದು 2016ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿತು. ಆದರೆ ಇಂಧನದ ಹೊಗೆ ಆ ಲೆಕ್ಕದಲ್ಲಿಲ್ಲ, ಮತ್ತು ಹೀರಿದ್ದರಲ್ಲಿ ದೊಡ್ಡ ಪಾಲು ಗಿಲಾವಿನ ತೆಳು ಗಾರೆಯದು. ಕಂಬಿ ಇರುವ ಕಾಂಕ್ರೀಟಿನಲ್ಲಿ ಅದೇ ಹೀರಿಕೆಗೆ ತುಕ್ಕಿನ ಮುನ್ನುಡಿ ಎಂದು ಹೆಸರು. ಕೆಡವಿ ಪುಡಿ ಮಾಡಿದ ಮೇಲೆ ಹೀರಿದರೆ ಸರಿ. ಅಂಥ ಪುಡಿಯಿಂದ ಬರುವ ಮರುಬಳಕೆ ಜಲ್ಲಿ ಹೊಸ ಜಲ್ಲಿಯ ಒಂದಿಷ್ಟು ಪಾಲಿನ ಬದಲಿಗೆ ಚೆನ್ನಾಗಿ ಹೊಂದುತ್ತದೆ. ಅದಕ್ಕಂಟಿದ ಹಳೆಯ ಗಾರೆ ನೀರು ಕುಡಿಯುವುದರಿಂದ ಮೊದಲೇ ನೆನೆಸಿಟ್ಟುಕೊಳ್ಳಬೇಕು. ಅದರಿಂದ ಇಂಗಾಲ ಹೆಚ್ಚೇನೂ ಉಳಿಯದು, ಉಳಿಯುವುದು ಗುಡ್ಡ ಮತ್ತು ನದಿ. ಜಗತ್ತು ವರ್ಷಕ್ಕೆ 5,000 ಕೋಟಿ ಟನ್ ಮರಳು ಜಲ್ಲಿ ಬಳಸುತ್ತದೆ ಎಂದು ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ 2022ರಲ್ಲಿ ಹೇಳಿತು. ನಿಮ್ಮ ಮರಳು ಯಾವ ನದಿಯ ಯಾವ ದಡದಿಂದ, ಯಾವ ಪರವಾನಗಿಯಲ್ಲಿ ಬಂತು ಎಂಬ ಕಾಗದ ನಿಮ್ಮ ಫೈಲಿನಲ್ಲಿ ಇಲ್ಲದಿದ್ದರೆ ಸ್ಟೀವರ್ಡ್‌ಶಿಪ್ ಎಂಬ ಪದವನ್ನೇ ಬಳಸಬೇಡಿ.

ಕೊನೆಯದಾಗಿ, ಟೆಂಡರಿನವರು ಕೇಳದಿದ್ದರೂ ನೀತಿಯಲ್ಲಿ ಇರಲೇಬೇಕಾದದ್ದು ಕೈಕಾಲುಗಳ ವಿಷಯ. ಹಸಿ ಕಾಂಕ್ರೀಟಿನ ಪಿಎಚ್ 12ರಿಂದ 13. ಅದು ಬೆಂಕಿಯಂತೆ ತಕ್ಷಣ ಸುಡುವುದಿಲ್ಲ, ಅಪಾಯ ಅಲ್ಲೇ ಇದೆ. ಒದ್ದೆ ಪ್ಯಾಂಟಿನಲ್ಲಿ ಮೊಣಕಾಲೂರಿ ಎರಡು ತಾಸು ನೆಲ ಸಮ ಮಾಡಿದ ಹುಡುಗನೊಬ್ಬ ನೋವೇನೂ ಇಲ್ಲದೆ ಮನೆಗೆ ಹೋಗಿ, ರಾತ್ರಿ ಚರ್ಮ ಕಿತ್ತು ಬಂದದ್ದನ್ನು ನೋಡಿದ್ದೇನೆ. ಕಾಂಕ್ರೀಟ್ ಕಳಿಸಿದ್ದು ನಾವು, ಇದನ್ನು ಅವನಿಗೆ ಯಾರೂ ಹೇಳಿರಲಿಲ್ಲ. ಸಿಮೆಂಟಿನಲ್ಲಿರುವ ಆರು ವೇಲೆನ್ಸಿಯ ಕ್ರೋಮಿಯಂ ಕೈಗೆ ವಾಸಿಯಾಗದ ಅಲರ್ಜಿ ತರಬಲ್ಲದು. ಯುರೋಪಿನಲ್ಲಿ 2005ರಿಂದ ನೀರಿನಲ್ಲಿ ಕರಗುವ ಈ ಕ್ರೋಮಿಯಂಗೆ ಹತ್ತು ಲಕ್ಷಕ್ಕೆ ಎರಡು ಭಾಗದ ಮಿತಿ ಇದೆ. ಅದಕ್ಕಾಗಿ ಸಿಮೆಂಟಿಗೆ ಬೆರೆಸುವ ಫೆರಸ್ ಸಲ್ಫೇಟ್, ಸಿಮೆಂಟ್ ಚೀಲ ಹಳತಾದಂತೆ ಶಕ್ತಿ ಕಳೆದುಕೊಳ್ಳುತ್ತದೆ. ಗಟ್ಟಿಯಾದ ಕಾಂಕ್ರೀಟನ್ನು ಕೊರೆಯುವಾಗ, ಉಜ್ಜುವಾಗ ಏಳುವ ಸಿಲಿಕ ಧೂಳು ಶ್ವಾಸಕೋಶದ ಕ್ಯಾನ್ಸರಿಗೆ ಕಾರಣವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1997ರಲ್ಲೇ ಮೊದಲ ಗುಂಪಿಗೆ ಸೇರಿಸಿದೆ. 16 ವಿಭಾಗಗಳ ಸುರಕ್ಷತಾ ಪತ್ರ ನಿಮ್ಮ ಕಚೇರಿಯ ಕಪಾಟಿನಲ್ಲಿರುತ್ತದೆ. ಸೈಟಿನವರಿಗೆ ಬೇಕಾದದ್ದು ಅದರ ನಾಲ್ಕು ಸಾಲು: ಬೂಟು ಹಾಕಿ, ಕೈಗವಸು ಹಾಕಿ, ಬಟ್ಟೆ ಒದ್ದೆಯಾದರೆ ಆಗಲೇ ಬದಲಿಸಿ ಚರ್ಮವನ್ನು ಶುದ್ಧ ನೀರಿನಲ್ಲಿ ಚೆನ್ನಾಗಿ ತೊಳೆಯಿರಿ, ನೀರು ಹಾಯಿಸದೆ ಕೊರೆಯಬೇಡಿ. ಚಲನ್ನಿನ ಹಿಂಬದಿ ಖಾಲಿ ಇದೆಯಲ್ಲ, ಅಲ್ಲಿ ಚಿತ್ರದ ಜತೆ ಅಚ್ಚು ಹಾಕಿಸಿ.

ನೀತಿಯನ್ನು ಹೊರಗಿನವರಿಂದ ಬರೆಸಬೇಡಿ. ಮೊದಲ ಪುಟದಲ್ಲಿ ನಾಲ್ಕು ಅಂಕಿ ಸಾಕು: ಪ್ರತಿ ದರ್ಜೆಗೆ ಘನಮೀಟರಿಗೆ ನಿಜವಾಗಿ ಹೋದ ಸಿಮೆಂಟ್, ಪ್ರಮಾಣ ವಿಚಲನೆ, ವಾಪಸು ಬಂದ ಪ್ರಮಾಣ, ಹೊರಗೆ ಬಿಟ್ಟ ನೀರು. ಕಳೆದ ವರ್ಷದ್ದು ಎಡಕ್ಕೆ, ಮುಂದಿನ ವರ್ಷದ ಗುರಿ ಬಲಕ್ಕೆ. ಕಳೆದ ವರ್ಷದ ಅಂಕಿ ಮುಜುಗರ ತರುವಂತಿದ್ದರೂ ಹಾಗೆಯೇ ಹಾಕಿ. ಟೆಂಡರ್ ಪರಿಶೀಲನೆಯ ಮೇಜಿನ ಆಚೆ ಕೂತೂ ನನಗೆ ಅನುಭವವಿದೆ. ಎಲೆಯ ಚಿತ್ರವಿರುವ 40 ಪುಟಗಳ ನೀತಿಗಳ ನಡುವೆ ಅಂಥ ಒಂದು ಪುಟ ಸಿಕ್ಕರೆ ಅದನ್ನು ಬದಿಗಿಟ್ಟು, ಕಳಿಸಿದವರಿಗೇ ಮೊದಲು ಫೋನು ಮಾಡುತ್ತೇವೆ.